ಆ ಭಾನುವಾರದ ಚಪ್ಪಲಿ ಸದ್ದು

“ಇನ್ನೊಂದ್ಸಲ ಹಾಕಿ.”

“ಎಷ್ಟು ಸಲ ಅಂತ ಹಾಕೋದಮ್ಮ? ಟೇಪು ಹಳೇದು. ಹೀಗೇ ಓಡಿಸ್ತಾ ಇದ್ರೆ ತುಂಡಾಗುತ್ತೆ.”

“ತುಂಡಾದ್ರೆ ಅಂಟಿಸಿದ್ರಾಯ್ತು. ಹಾಕಿ ಸ್ವಾಮಿ.”

ರೇಡಿಯೋ ನಿಲಯದ ಟೇಪು ಕೋಣೆ ನೋಡಿಕೊಳ್ಳುವವರು ಮುಖ ಗಂಟು ಹಾಕಿಕೊಂಡೇ ಚಕ್ರವನ್ನು ಹಿಂದಕ್ಕೆ ತಿರುಗಿಸಿದರು. ಎದುರಿಗೆ ಯಾರು ಬಾಯಿ ತೆರೆದರೂ ತುಟಿಗೆ ಬೆರಳಿಟ್ಟು ‘ಶ್’ ಅನ್ನುವುದು ಅವರ ಅಭ್ಯಾಸ. ಹಾಗಾಗಿ ಆ ಕಟ್ಟಡಕ್ಕೆಲ್ಲ ಅವರು ಶ್ ಮಾಮ. ಒಮ್ಮೆ ಮನೆಯಲ್ಲಿ ಹೆಂಡತಿಗೂ ಹಾಗೇ ಅಂದು, ಆಮೇಲೆ ಒಂದು ವಾರ ತಾವೇ ಅಡುಗೆ ಮಾಡಿಕೊಂಡು ಉಂಡರು ಅಂತ ನಿಲಯದಲ್ಲಿ ಸುದ್ದಿ.

ಟೇಪು ಸುಯ್ ಎಂದು ಓಡಿತು. ಉದ್ಘೋಷಕನ ಧ್ವನಿ ಬಂತು. “ಕೇಳುಗರಿಗೆ ನಮಸ್ಕಾರ. ಭಾನುವಾರದ ಪ್ರಾರ್ಥನೆ. ಎಂದಿನಂತೆ ನಮ್ಮ ಸ್ಟುಡಿಯೋದಿಂದ ನೇರವಾಗಿ ನಿಮ್ಮ ಮನೆಗೆ.”

ಇನ್ಸ್‌ಪೆಕ್ಟರಮ್ಮ ಕಣ್ಣು ಮುಚ್ಚಿಕೊಂಡರು. ಪೊಲೀಸ್ ಕೆಲಸದಿಂದ ನಿವೃತ್ತರಾಗಿ ಎಷ್ಟು ವರ್ಷವಾದರೂ ಊರಿಗೆ ಅವರು ಇನ್ಸ್‌ಪೆಕ್ಟರಮ್ಮನೇ. ಪಕ್ಕದ ಕುರ್ಚಿಯ ತುದಿಯಲ್ಲಿ ಕೂತಿದ್ದವಳು ಟೈಲರಮ್ಮ. ಕೈಚೀಲವನ್ನು ಮಗು ಎತ್ತಿಕೊಂಡ ಹಾಗೆ ಎದೆಗೆ ಅವುಚಿಕೊಂಡಿದ್ದಳು.

ಟೈಲರಮ್ಮನ ಅಪ್ಪ ಪ್ರಾರ್ಥನಾ ಮಂದಿರದ ಕಾವಲುಗಾರನಾಗಿದ್ದವನು. ರೇಡಿಯೋದಲ್ಲಿ ಭಾನುವಾರದ ಪ್ರಾರ್ಥನೆ ಹಾಡುತ್ತಿದ್ದ ಅಲ್ಲಿನ ಗಾನವೃಂದವನ್ನು ಕಟ್ಟಿ ಬೆಳೆಸಿದ ದೊಡ್ಡ ಮೇಷ್ಟ್ರನ್ನು ಅವರ ಮನೆಯ ಮೆಟ್ಟಿಲ ಮೇಲಿಂದ ತಳ್ಳಿ ಕೊಂದ ಎಂದು ಜೈಲಿಗೆ ಹೋಗಿ, ವಯಸ್ಸೆಲ್ಲ ಅಲ್ಲೇ ಕಳೆದು ಬಂದವನು. ಈಗ ಹಾಸಿಗೆ ಹಿಡಿದಿದ್ದಾನೆ. ಡಾಕ್ಟರು ಕೈಚೆಲ್ಲಿದ್ದಾರೆ. ಹೋದ ವಾರ ಇನ್ಸ್‌ಪೆಕ್ಟರಮ್ಮನ ಮನೆಗೆ ಬಂದ ಟೈಲರಮ್ಮ ಕೇಳಿದ್ದು ಒಂದೇ ಮಾತು. “ನಮ್ಮಪ್ಪ ಕೊಲೆಗಾರ ಅಲ್ಲ ಅಂತ ಯಾರಾದ್ರೂ ಹೇಳಬೇಕು ಅಕ್ಕಾ. ಅದು ಅವರ ಕಿವಿಗೆ ಬೀಳಬೇಕು. ಉಸಿರಿರೋವಾಗಲೇ ಬೀಳಬೇಕು.”

ಕೇಸಿನ ಕಡತವನ್ನು ಗೆದ್ದಲು ತಿಂದು ತೇಗಿತ್ತು. ಉಳಿದಿದ್ದು ತೀರ್ಪೊಂದೇ. ಅದು ಕಡ್ಡಿ ಮುರಿದ ಹಾಗಿತ್ತು. ಆ ಭಾನುವಾರ ದೊಡ್ಡ ಮೇಷ್ಟ್ರಿಗೆ ಜ್ವರ, ಮನೆಯಲ್ಲೇ ಇದ್ದರು. ಹಿಂದಿನ ದಿನವೇ ಅವರು ಕಾವಲುಗಾರನಿಗೆ ಮಂದಿರದ ಹಿಂದಿನ ಕೋಣೆ ಖಾಲಿ ಮಾಡು ಅಂದಿದ್ದರು, ಇಬ್ಬರಿಗೂ ಜೋರು ಜಗಳ ಆಗಿತ್ತು. ಪ್ರಾರ್ಥನೆ ಪ್ರಸಾರವಾಗುತ್ತಿದ್ದಾಗ ಕಾವಲುಗಾರ ಆ ಮನೆಯಿಂದ, ಬಗಲಲ್ಲಿ ಏನೋ ಅವುಚಿಕೊಂಡು ಓಡಿದ್ದನ್ನು ಎದುರುಮನೆಯವರು ಕಂಡಿದ್ದರು. ಅದೇನು ಅಂತ ಅವನು ಕೋರ್ಟಿನಲ್ಲೂ ಬಾಯಿಬಿಡಲಿಲ್ಲ. ಮೇಷ್ಟ್ರನ್ನು ಬಲ್ಲ ಉಳಿದವರೆಲ್ಲ ಗಾನವೃಂದದವರು. ಅವರೆಲ್ಲ ಆ ಹೊತ್ತಿನಲ್ಲಿ ಸ್ಟುಡಿಯೋದಲ್ಲಿ ಹಾಡುತ್ತಿದ್ದರು. ಅದಕ್ಕೆ ಊರಿಗೆ ಊರೇ ಸಾಕ್ಷಿ.

ಇನ್ಸ್‌ಪೆಕ್ಟರಮ್ಮನೂ ಸಾಕ್ಷಿ. ಆಗ ಅವರು ಎರಡು ಜಡೆಯ ಹುಡುಗಿ.

ಆ ಕಾಲದ ಭಾನುವಾರವೇ ಬೇರೆ ಬಿಡಿ. ಅಪ್ಪ ಕನ್ನಡಿ ಮುಂದೆ ಅರ್ಧ ಗಲ್ಲಕ್ಕೆ ನೊರೆ ಹಚ್ಚಿಕೊಂಡು ನಿಂತವರು, ಹಾಡು ಮುಗಿಯುವವರೆಗೂ ಇನ್ನರ್ಧ ಗಲ್ಲಕ್ಕೆ ಕೈ ಹಾಕುತ್ತಿರಲಿಲ್ಲ. ರೇಡಿಯೋ ಇಲ್ಲದ ಪಕ್ಕದ ಮನೆಯವರು ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದರು. ಬೀದಿಯ ಈ ತುದಿಯಿಂದ ಆ ತುದಿಗೆ ನಡೆದು ಹೋದರೂ ಒಂದು ಸಾಲು ತಪ್ಪುತ್ತಿರಲಿಲ್ಲ. ಒಂದು ಕಿಟಕಿ ಬಿಟ್ಟರೆ ಇನ್ನೊಂದು ಕಿಟಕಿ ಹಿಡಿದುಕೊಳ್ಳುತ್ತಿತ್ತು. ಅಮ್ಮ ಮಾತ್ರ ಅಡುಗೆಮನೆಯಿಂದ ಹೊರಗೆ ಬರುತ್ತಿದ್ದದ್ದು ಒಂದೇ ಧ್ವನಿಗೆ. ಅದು ಒಬ್ಬ ಹೆಣ್ಣುಮಗಳ ಧ್ವನಿ. ಎಲ್ಲರೂ ನಿಲ್ಲಿಸಿದ ಮೇಲೆ ಅವಳೊಬ್ಬಳೇ ಒಂದು ಚರಣ ಹಾಡುತ್ತಿದ್ದಳು.

“ಬಂದ್ಲು ನೋಡೇ ನನ್ನ ಮಗಳು,” ಅನ್ನುತ್ತಿದ್ದರು ಅಮ್ಮ, ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ. ಎರಡು ಜಡೆಯ ಹುಡುಗಿಗೆ ಹೊಟ್ಟೆ ಉರಿಯುತ್ತಿತ್ತು. ಹಾಗಾದ್ರೆ ನಾನ್ಯಾರು ಅಂತ ಒಮ್ಮೆ ಜಗಳವನ್ನೂ ತೆಗೆದಿದ್ದಳು. ಆ ಹಾಡುಗಾರ್ತಿ ಯಾರು ಅಂತ ಊರಿಗೆ ಗೊತ್ತಿರಲಿಲ್ಲ. ಹಾಡುವವರ ಹೆಸರು ಹೇಳುವ ಹಾಗಿಲ್ಲ ಎಂಬುದು ದೊಡ್ಡ ಮೇಷ್ಟ್ರ ಕಟ್ಟಪ್ಪಣೆ. ಹಾಡು ದೇವರಿಗೆ, ಹೆಸರು ಯಾರಿಗೆ ಅಂತ ಕೇಳುತ್ತಿದ್ದರಂತೆ.

ಈಗ ಟೇಪಿನಲ್ಲಿ ಅದೇ ಧ್ವನಿ ಬಂತು. ಅಮ್ಮ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಅಮ್ಮನ ನೆನಪಾದದ್ದು ಮಾತ್ರ ಈಗ, ಈ ಧೂಳಿನ ಕೋಣೆಯಲ್ಲಿ, ಅಡುಗೆಮನೆಯ ಬಾಗಿಲಲ್ಲಿ ನಿಂತ ಭಂಗಿಯ ಸಮೇತ.

“ಎಷ್ಟು ಚೆನ್ನಾಗಿದೆ ಅಲ್ವಾ,” ಅಂದಳು ಟೈಲರಮ್ಮ ಮೆಲ್ಲಗೆ. “ನಮ್ಮನೇಲಿ ರೇಡಿಯೋನೇ ಇರಲಿಲ್ಲ. ಅಮ್ಮ ಇಟ್ಟುಕೊಳ್ಳೋಕೆ ಬಿಡ್ತಿರಲಿಲ್ಲ.”

“ಶ್,” ಅಂದರು ಶ್ ಮಾಮ.

ಚರಣ ಮುಗಿಯಿತು. ಒಂದು ಕ್ಷಣ ಮೌನ. ಆಮೇಲೆ ಕೊನೆಯ ಹಾಡಿಗೆ ಮೊದಲು ಸರಸರ, ಟಪಟಪ ಎಂಬ ಸದ್ದು.

“ಇಲ್ಲೇ. ನಿಲ್ಲಿಸಿ. ಇದೇನು ಸದ್ದು?”

“ಎದ್ದು ನಿಂತರು ಅಷ್ಟೇ. ಕೊನೇ ಹಾಡನ್ನ ಯಾವಾಗ್ಲೂ ನಿಂತೇ ಹಾಡೋದು.”

“ನಿಂತಿದ್ದು ಗೊತ್ತಾಯ್ತು. ಕಾಲಲ್ಲಿ ಏನಿದೆ?”

ಶ್ ಮಾಮ ಏನೋ ಹೇಳಲು ಹೊರಟು ಬಾಯಿ ಮುಚ್ಚಿಕೊಂಡರು. ಇನ್ಸ್‌ಪೆಕ್ಟರಮ್ಮ ಕಾಯ್ದರು. ಎರಡು ಸಲ ಕೇಳಿದರೆ ಉತ್ತರ ಹಾಳಾಗುತ್ತದೆ ಅನ್ನುವುದು ಅವರು ಠಾಣೆಯಲ್ಲಿ ಕಲಿತ ವಿದ್ಯೆ.

“ಚಪ್ಪಲಿ,” ಅಂದರು ಶ್ ಮಾಮ ಕೊನೆಗೆ. “ಆದ್ರೆ ಹಾಗಾಗೋಕೆ ಸಾಧ್ಯ ಇಲ್ವಲ್ಲ.”

ಸಾಧ್ಯವಿರಲಿಲ್ಲ, ನಿಜ. ಸ್ಟುಡಿಯೋದ್ದು ಹಲಗೆ ನೆಲ. ಕಾಲು ಅಲ್ಲಾಡಿಸಿದರೆ ಮೈಕಿಗೆ ಕೇಳುತ್ತದೆ. ಅದಕ್ಕೇ ದೊಡ್ಡ ಮೇಷ್ಟ್ರು ಮೊದಲ ದಿನದಿಂದಲೂ ಒಂದು ಪದ್ಧತಿ ಮಾಡಿದ್ದರು. ಬಾಗಿಲ ಮೇಲಿನ ಕೆಂಪು ದೀಪ ಹತ್ತುವ ಮೊದಲು ಎಲ್ಲರ ಚಪ್ಪಲಿ ಹೊರಗೆ. ಚಳಿಯಿರಲಿ, ಕೆಮ್ಮಿರಲಿ, ಬಂದವರು ಊರಿನ ದೊಡ್ಡ ಮನುಷ್ಯರೇ ಇರಲಿ, ಬರಿಗಾಲು. ಇವತ್ತಿಗೂ ಸ್ಟುಡಿಯೋದ ಬಾಗಿಲಲ್ಲಿ ಮರದ ಗೂಡು ಇದೆ. ಬರುವಾಗ ಇನ್ಸ್‌ಪೆಕ್ಟರಮ್ಮನೂ ಅದನ್ನು ಕಂಡಿದ್ದರು. ಅದರ ಮೇಲೆ ಹಳೆಯ ಫೋಟೋಗಳ ಸಾಲು, ಎಲ್ಲದರಲ್ಲೂ ಬರಿಗಾಲಿನ ಗಾನವೃಂದ.

“ಅದರ ಹಿಂದಿನ ವಾರದ್ದು ಹಾಕಿ. ಆಮೇಲೆ ಮುಂದಿನ ವಾರದ್ದು.”

ಶ್ ಮಾಮ ಈಗ ಗೊಣಗಲಿಲ್ಲ. ಅವರಿಗೂ ತಲೆಗೆ ಹುಳ ಹೊಕ್ಕಿತ್ತು. ಹಿಂದಿನ ವಾರದ ಟೇಪಿನಲ್ಲಿ ಕೊನೆಯ ಹಾಡಿಗೆ ಎದ್ದು ನಿಂತಾಗ ಬಟ್ಟೆ ಸರಿದಾಡಿದ ಸದ್ದು ಬಿಟ್ಟರೆ ಇನ್ನೇನಿಲ್ಲ. ಮುಂದಿನ ವಾರದ್ದೂ ಹಾಗೇ.

“ಚಪ್ಪಲಿ ಹಾಕ್ಕೊಂಡು ಹಾಡೋದು ಯಾವಾಗ?”

“ಶನಿವಾರ,” ಅಂದರು ಶ್ ಮಾಮ. ಅವರ ಧ್ವನಿ ಇಳಿದುಹೋಗಿತ್ತು. “ಶನಿವಾರ ಸಂಜೆ ಅಭ್ಯಾಸ. ಅದೂ ಅದೇ ಸ್ಟುಡಿಯೋದಲ್ಲಿ. ಕೆಂಪು ದೀಪ ಹತ್ತಿಸಲ್ಲ, ಹಾಗಾಗಿ ಚಪ್ಪಲಿ ಬಿಡಲ್ಲ. ಆ ಅಭ್ಯಾಸವನ್ನೇ ಒಂದು ಟೇಪಿಗೆ ಹಿಡಿದು ಇಟ್ಟಿರ್ತಾರೆ. ಆಪತ್ತಿನ ಟೇಪು ಅಂತೀವಿ. ಭಾನುವಾರ ಏನಾದ್ರೂ ಎಡವಟ್ಟಾದ್ರೆ ಅದನ್ನ ಹಾಕೋದು. ಆದ್ರೆ ಅದನ್ನ ಒಂದು ಸಲವೂ ಹಾಕಿಲ್ಲ ಕಣಮ್ಮ. ಒಂದು ವಾರವೂ ತಪ್ಪದ ನೇರ ಪ್ರಸಾರ ಅಂತ ತಾನೇ ನಮ್ಮ ಹೆಮ್ಮೆ. ಈ ಭಾನುವಾರ ಅದಕ್ಕೇ ಅಲ್ವಾ ದೊಡ್ಡ ಸಮಾರಂಭ ಇಟ್ಟಿರೋದು.”

“ಒಂದು ಸಲ ಹಾಕಿದ್ದಾರೆ,” ಅಂದರು ಇನ್ಸ್‌ಪೆಕ್ಟರಮ್ಮ. “ಇಡೀ ಊರು ಕೂತು ಕೇಳಿದ್ದು ಶನಿವಾರದ ಹಾಡು.”

ಟೈಲರಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳ ಕೈಚೀಲ ನೆಲಕ್ಕೆ ಬಿತ್ತು.

“ಹಾಗಾದ್ರೆ ಭಾನುವಾರ ಅವರೆಲ್ಲ ಎಲ್ಲಿದ್ರು?”

“ಅದನ್ನ ಕೇಳೋಕೆ ಹೋಗೋಣ ಬಾ.”

* * *

ಮಂದಿರದ ಅಭ್ಯಾಸದ ಕೋಣೆಯಲ್ಲಿ ಹಾಡುವವರು ಆಗಷ್ಟೇ ಚದುರಿದ್ದರು. ಕುರ್ಚಿಗಳು ಅಡ್ಡಾದಿಡ್ಡಿ ನಿಂತಿದ್ದವು. ಮೇಷ್ಟ್ರು ಒಬ್ಬರೇ ಹಾಡಿನ ಹಾಳೆಗಳನ್ನು ಒಟ್ಟು ಮಾಡುತ್ತಿದ್ದರು. ದೊಡ್ಡ ಮೇಷ್ಟ್ರ ಕೈಕೆಳಗೆ ಎರಡನೆಯವರಾಗಿದ್ದು, ಅವರು ಹೋದ ಮರುವಾರವೇ ತಾಳದ ಕೋಲು ಹಿಡಿದವರು. ಇಳಿಸಿದ್ದೇ ಇಲ್ಲ. ಈ ಭಾನುವಾರ ಮೊದಲ ಸಲ ಇನ್ನೊಬ್ಬರ ಕೈಗೆ ಕೊಡುವವರಿದ್ದರು. ಕೂದಲು ಬೆಳ್ಳಗೆ, ಬೆನ್ನು ಮಾತ್ರ ನೆಟ್ಟಗೆ.

“ಬನ್ನಿ ಬನ್ನಿ ಇನ್ಸ್‌ಪೆಕ್ಟರಮ್ಮ. ಪೊಲೀಸರು ಮಂದಿರಕ್ಕೆ ಬಂದ್ರೆ ಒಂದೋ ಭಕ್ತಿ ಬಂದಿರಬೇಕು, ಇಲ್ಲಾ ಯಾರದೋ ಗ್ರಹಚಾರ ಕೆಟ್ಟಿರಬೇಕು. ಯಾವುದು?”

“ನನಗೆ ಭಕ್ತಿ ಕಮ್ಮಿ ಮೇಷ್ಟ್ರೇ.”

ಅವರು ನಕ್ಕರು. “ಈ ಕಡೆ ಬನ್ನಿ, ಎಡಗಿವಿ ಹೋಗಿದೆ. ಇಷ್ಟು ವರ್ಷ ಗಂಡಸರನ್ನ ಎಡಗಡೆ ನಿಲ್ಲಿಸಿದ ಫಲ. ಇವರು ಯಾರು?”

“ನನ್ನ ಜೊತೆಯವಳು,” ಅಂದರು ಇನ್ಸ್‌ಪೆಕ್ಟರಮ್ಮ. ಟೈಲರಮ್ಮ ಮೂಲೆಯ ಕುರ್ಚಿಯಲ್ಲಿ ಕೂತಳು. ಒಂದು ಮಾತೂ ಆಡಕೂಡದು ಅಂತ ದಾರಿಯುದ್ದಕ್ಕೂ ಹೇಳಿಸಿಕೊಂಡು ಬಂದಿದ್ದಳು.

“ನಾನು ಚಿಕ್ಕವಳಿದ್ದಾಗಿಂದ ನಿಮ್ಮ ಕಾರ್ಯಕ್ರಮ ಕೇಳಿದ್ದೀನಿ ಮೇಷ್ಟ್ರೇ. ನಮ್ಮಮ್ಮ ಹಾಸಿಗೆ ಹಿಡಿದಾಗಲೂ ಭಾನುವಾರ ಬಂತು ಅಂದ್ರೆ ಎದ್ದು ಕೂರ್ತಿದ್ದರು.”

“ಹಾಗೆ ಕೇಳಿದವರಿಂದ ತಾನೇ ನಾವು ಉಳಿದಿದ್ದು.” ಮೇಷ್ಟ್ರ ಮುಖ ಅರಳಿತು. “ಮೊದಲ ದಿನ ನಮಗೆ ಇದ್ದದ್ದು ಒಂದೇ ಮೈಕು. ಅದಕ್ಕೆ ಹತ್ತಿರ ನಿಲ್ಲೋದು ಯಾರು ಅಂತ ಜಗಳ ಆಗಿ, ದೊಡ್ಡ ಮೇಷ್ಟ್ರು ಎಲ್ಲರಿಗೂ ಎರಡು ಹೆಜ್ಜೆ ಹಿಂದೆ ಹೋಗಿ ಅಂದ್ರು. ಮೈಕಿನ ಹತ್ತಿರ ಯಾರೂ ಇಲ್ಲ. ಆಗಲೇ ಚೆನ್ನಾಗಿ ಕೇಳಿಸ್ತಂತೆ. ಒಬ್ಬರು ಮುಂದೆ ಬಂದ್ರೆ ಹಾಡು ಹಾಳು ಅಂತ ಆವತ್ತೇ ಕಲಿತ್ವಿ. ಜನ ಕಾಗದ ಬರೀತಿದ್ರು, ನಿಮ್ಮ ಹಾಡು ಕೇಳ್ತಾ ನಮ್ಮ ಮಗು ಹುಟ್ಟಿತು ಅಂತ. ನಿಮ್ಮ ಹಾಡು ಕೇಳ್ತಾ ನಮ್ಮಪ್ಪ ಹೋದ್ರು ಅಂತ. ಅದನ್ನೆಲ್ಲ ಹಗುರವಾಗಿ ತಗೊಳೋಕಾಗುತ್ತಾ ಹೇಳಿ.”

ಈ ಮನುಷ್ಯನ ಮೇಲೆ ಸಿಟ್ಟು ತಂದುಕೊಳ್ಳುವುದು ಕಷ್ಟವಾಗಿತ್ತು. ಇನ್ಸ್‌ಪೆಕ್ಟರಮ್ಮ ತಮ್ಮನ್ನೇ ಮನಸ್ಸಿನಲ್ಲಿ ಬೈದುಕೊಂಡು, ಮೊಬೈಲ್ ತೆಗೆದು ಅವರ ಬಲಗಿವಿಯ ಹತ್ತಿರ ಹಿಡಿದರು. ಟೇಪು ಕೋಣೆಯಲ್ಲಿ ಹಿಡಿದುಕೊಂಡು ಬಂದ ತುಣುಕು ಅದು. ಒಬ್ಬಳೇ ಹಾಡಿದ ಚರಣ. ಮೌನ. ಸರಸರ, ಟಪಟಪ.

ಮೇಷ್ಟ್ರ ಕೈಯಲ್ಲಿದ್ದ ಹಾಳೆಗಳು ಒಂದೊಂದಾಗಿ ಕೆಳಗೆ ಜಾರಿದವು. ಅವರು ಅವುಗಳನ್ನು ಎತ್ತಿಕೊಳ್ಳಲಿಲ್ಲ.

“ಶನಿವಾರ,” ಅಂದರು.

“ಹೌದು. ಶನಿವಾರ. ನೀವು ಕೋರ್ಟಿನಲ್ಲಿ ಭಾನುವಾರ ಅಂದಿದ್ರಿ.”

“ಕೇಳೋ ಕಿವಿ ಇರೋರು ಯಾರಾದ್ರೂ ಯಾವತ್ತಾದ್ರೂ ಬಂದೇ ಬರ್ತಾರೆ ಅಂತ ಗೊತ್ತಿತ್ತು ನನಗೆ.” ಅವರು ಕುರ್ಚಿಯಲ್ಲಿ ಕುಸಿದರು. “ಇಷ್ಟು ತಡ ಮಾಡಿದ್ರಿ ನೀವು.”

ಮೇಷ್ಟ್ರು ಹೇಳಿದ್ದು ಇಷ್ಟು. ಆ ಭಾನುವಾರ ಗಾನವೃಂದವನ್ನು ನಿಲಯಕ್ಕೆ ಕರೆದೊಯ್ಯುತ್ತಿದ್ದ ವ್ಯಾನು ಸೇತುವೆಯ ಬುಡದಲ್ಲಿ ಹೊಗೆ ಉಗುಳಿ ನಿಂತಿತು. ನಡೆದು ಹೋದರೆ ಹೊತ್ತು ಮೀರುತ್ತದೆ. ನಿಲಯಕ್ಕೆ ಫೋನು ಮಾಡಿಸಿದರು. ಆವತ್ತು ಪಾಳಿಯಲ್ಲಿದ್ದ ಅಧಿಕಾರಿ, ಈಗ ತೀರಿಕೊಂಡಿದ್ದಾರೆ, ಆಪತ್ತಿನ ಟೇಪು ಹಾಕಿದರು. ಹಾಡು ತಾನಾಗಿ ಓಡಿತು. ಊರು ಕೇಳಿ ಕೈಮುಗಿಯಿತು.

“ಆಮೇಲೆ ಎಲ್ಲರೂ ಮಾತಾಡಿಕೊಂಡ್ವಿ. ಒಂದು ವಾರವೂ ತಪ್ಪದ ನೇರ ಪ್ರಸಾರ ಅಂತ ಅಷ್ಟು ವರ್ಷ ಹೇಳಿಕೊಂಡು ಬಂದಿದ್ದು. ಒಂದು ಕೆಟ್ಟ ವ್ಯಾನಿನಿಂದ ಅದು ಮಣ್ಣುಪಾಲಾಗಬೇಕಾ? ಯಾರಿಗೂ ಹೇಳೋದು ಬೇಡ, ನಾವು ಹಾಡಿದ್ವಿ ಅನ್ನೋಣ. ಯಾರಿಗೇನು ನಷ್ಟ? ಆಗ ದೊಡ್ಡ ಮೇಷ್ಟ್ರು ಹೋದ ಸುದ್ದಿ ಇನ್ನೂ ಬಂದಿರಲಿಲ್ಲ ಕಣಮ್ಮ.”

“ಬಂದ ಮೇಲೆ?”

“ಬಂದ ಮೇಲೆ ಪೊಲೀಸರು ಕೇಳಿದ್ರು, ಆ ಹೊತ್ತಿನಲ್ಲಿ ಎಲ್ಲಿದ್ರಿ ಅಂತ. ಬಾಯಿಗೆ ಬಂದಿದ್ದೇ ಆ ಮಾತು. ಹಾಡ್ತಾ ಇದ್ವಿ. ಒಂದು ಸಲ ಹೇಳಿದ ಮೇಲೆ ನುಂಗೋದು ಹೇಗೆ? ಎಲ್ಲರ ಪರವಾಗಿ ಕೋರ್ಟಿಗೆ ಹೋಗಿದ್ದು ನಾನು, ಆ ಅಧಿಕಾರಿ, ಇಬ್ಬರೇ.”

“ನೀವು ಕಾಪಾಡಿದ್ದು ಒಂದು ಕಾರ್ಯಕ್ರಮದ ಹೆಸರು. ಕಳೆದಿದ್ದು ಒಬ್ಬನ ಬದುಕು.”

“ಅವನೇ ಮಾಡಿದ್ದು ಅಂತ ನಮಗೆಲ್ಲ ಅನ್ನಿಸಿತ್ತು.”

“ಅನ್ನಿಸಿತ್ತಾ ಮೇಷ್ಟ್ರೇ, ಅನ್ನಿಸಿಕೊಂಡ್ರಾ?”

ಕಿಟಕಿಯಾಚೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಮೂಲೆಯಲ್ಲಿ ಟೈಲರಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದಳು.

“ಸರಿ. ಹಾಡು ತಾನಾಗಿ ಓಡ್ತಾ ಇತ್ತು. ನಿಮಗೆಲ್ಲ ಬಿಡುವು. ಸೇತುವೆಯಿಂದ ದೊಡ್ಡ ಮೇಷ್ಟ್ರ ಮನೆ ಕೂಗಳತೆ. ಮರುವಾರ ಕೋಲು ಹಿಡಿದವರು ನೀವು. ನನ್ನ ಜಾಗದಲ್ಲಿ ಕೂತು ನೀವೇ ಹೇಳಿ, ಯಾರನ್ನ ಹಿಡೀಲಿ?”

ಮೇಷ್ಟ್ರು ಬಲಗೈ ಚಾಚಿ ತೋರಿಸಿದರು. ಅಂಗೈಯಿಂದ ಮಣಿಕಟ್ಟಿನವರೆಗೂ ಚರ್ಮ ಸುಕ್ಕಾಗಿ ಹೊಳೆಯುತ್ತಿತ್ತು.

“ದೊಡ್ಡ ಜಾಣನ ಹಾಗೆ ರೇಡಿಯೇಟರಿನ ಮುಚ್ಚಳ ತೆಗೆಯೋಕೆ ಹೋದೆ. ಕುದಿಯೋ ನೀರು ಹಾರಿತು. ಡ್ರೈವರು, ಇನ್ನೊಂದಿಬ್ಬರು ಗಂಡಸರು ಸೇರಿ ನನ್ನನ್ನ ರಸ್ತೆ ಬದಿಯಲ್ಲಿ ಮಲಗಿಸಿ ಗಾಳಿ ಹಾಕ್ತಾ ಇದ್ರು. ಇಂಜಿನ್ನು ತಣ್ಣಗಾದ ಮೇಲೆ ನಾನು ಆಸ್ಪತ್ರೆಗೆ ಹೋಗಿದ್ದೂ ಆ ವ್ಯಾನಿನಲ್ಲೇ. ನನ್ನ ನಂಬಬೇಡಿ, ನಿಲಯದಲ್ಲಿರೋ ಮರುವಾರದ ಫೋಟೋ ನೋಡಿ.”

ನೋಡಿದ್ದು ನೆನಪಾಯಿತು. ಚಪ್ಪಲಿ ಗೂಡಿನ ಮೇಲಿನ ಸಾಲಿನಲ್ಲಿ ಒಂದು ಫೋಟೋ. ಬಟ್ಟೆ ಸುತ್ತಿದ ಬಲಗೈ, ಎಡಗೈಯಲ್ಲಿ ತಾಳದ ಕೋಲು ಹಿಡಿದ ಯುವಕ. ಕೈ ಮುರಿದುಕೊಂಡಿರಬೇಕು ಅಂದುಕೊಂಡು ಅವರು ಮುಂದೆ ಹೋಗಿದ್ದರು. ಗುಡ್ಡ ಅಗೆದು ಇಲಿ ಹಿಡಿದ ಹಾಗಾಯಿತು ಅನ್ನಿಸಿತು. ಆಮೇಲೆ ಇನ್ನೊಂದು ವಿಷಯ ಹೊಳೆಯಿತು.

“ಫೋನು ಮಾಡಿಸಿದ್ವಿ ಅಂದ್ರಿ. ಯಾರ ಕೈಲಿ? ಎಲ್ಲಿಂದ?”

ಮೇಷ್ಟ್ರು ತಲೆ ತಗ್ಗಿಸಿದರು.

“ಅಲ್ಲಿ ಹತ್ತಿರ ಫೋನಿದ್ದದ್ದು ಒಂದೇ ಮನೇಲಿ. ದೊಡ್ಡ ಮೇಷ್ಟ್ರ ಮನೇಲಿ. ಒಬ್ಬಳನ್ನ ಓಡಿಸಿದ್ವಿ. ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು, ಚುರುಕು. ಗುಬ್ಬಿ ಅಂತ ಕರೀತಿದ್ವಿ.” ಅವರು ಮೊಬೈಲಿನ ಕಡೆ ಬೆರಳು ತೋರಿಸಿದರು. “ಈಗ ಕೇಳಿಸಿದ್ರಲ್ಲ, ಆ ಚರಣ. ಅವಳದೇ.”

ಅಮ್ಮ ಒದ್ದೆ ಕೈಯಲ್ಲಿ ಓಡಿ ಬರುತ್ತಿದ್ದ ಆ ಧ್ವನಿ. ಇನ್ಸ್‌ಪೆಕ್ಟರಮ್ಮನಿಗೆ ಮುಂದಿನ ಪ್ರಶ್ನೆ ಕೇಳಲು ಮನಸ್ಸೇ ಬರಲಿಲ್ಲ. ಕೇಳದೆ ವಿಧಿಯಿರಲಿಲ್ಲ.

“ವಾಪಸ್ ಬಂದಾಗ ಹೇಗಿದ್ದಳು?”

“ತಡವಾಗಿ ಬಂದಳು. ಬೆವೆತು ಹೋಗಿದ್ದಳು. ಬರಿಗಾಲಲ್ಲಿ ಬಂದಳು. ಕೆಂಪು ದೀಪ ಹತ್ತಿದೆಯೇನೇ ಗುಬ್ಬಿ ಅಂತ ಹೆಂಗಸರು ನಕ್ಕರು. ಅವಳು ನಗಲಿಲ್ಲ.”

ಬರಿಗಾಲು. ಬಗಲಲ್ಲಿ ಏನೋ ಅವುಚಿಕೊಂಡು ಓಡಿದ ಕಾವಲುಗಾರ. ಕೋರ್ಟು ಕೇಳಿದರೂ ಬಾಯಿಬಿಡದ ಕಾವಲುಗಾರ. ಇನ್ಸ್‌ಪೆಕ್ಟರಮ್ಮನ ತಲೆಯಲ್ಲಿ ಅವೆರಡೂ ಒಂದಕ್ಕೊಂದು ಕೂಡಿಕೊಂಡವು. ಬಾಗಿಲಲ್ಲಿ ಬಿಟ್ಟುಹೋದ ಒಂದು ಜೊತೆ ಚಪ್ಪಲಿಯನ್ನು ಗುರುತು ಹಿಡಿದು ಎತ್ತಿಕೊಂಡು ಓಡುವವನು ಯಾರಿರಬಹುದು? ಉತ್ತರ ಗೊತ್ತಾದ ಕೂಡಲೇ ಅವರು ಟೈಲರಮ್ಮನ ಕಡೆ ತಿರುಗಿದರು, ಹೊರಗೆ ಕಳಿಸಿಬಿಡೋಣ ಅಂತ. ಅಷ್ಟರಲ್ಲಿ ಅವಳೇ ಬಾಯಿ ತೆರೆದಿದ್ದಳು.

“ಆ ಗುಬ್ಬಿ ಅನ್ನೋರು ಈಗ ಎಲ್ಲಿದ್ದಾರೆ?”

“ಯಾರಿಗೆ ಗೊತ್ತಮ್ಮ,” ಅಂದರು ಮೇಷ್ಟ್ರು. ಕೇಳಿದವಳು ಯಾರೆಂದು ಅವರಿಗೇನು ಗೊತ್ತು. “ಬಸುರಿ ಹೆಂಗಸು. ಗಂಡ ಜೈಲಿಗೆ ಹೋದ ಮೇಲೆ ಊರು ಬಿಟ್ಟು ಹೋದಳು. ಅವಳನ್ನ ಕೋರ್ಟು ಕರೆಯಲೇ ಇಲ್ಲ. ಅವಳೂ ಬಾಯಿಬಿಡಲಿಲ್ಲ, ಅವಳ ಗಂಡನೂ ಬಿಡಲಿಲ್ಲ, ಇನ್ನು ನಾನ್ಯಾಕೆ ಬಿಡಲಿ ಅಂತ ಸುಮ್ಮನಾದೆ. ಅದೇ, ನಮ್ಮ ಮಂದಿರದ ಕಾವಲುಗಾರನ ಹೆಂಡತಿ. ಎಂಥ ಕಂಠ ಅಂತೀರಿ. ಆಮೇಲೆ ಅಂಥದ್ದು ನಮಗೆ ಸಿಗಲೇ ಇಲ್ಲ.”

* * *

ಮಂದಿರದ ಮೆಟ್ಟಿಲ ಮೇಲೆ ಟೈಲರಮ್ಮ ಕೂತುಬಿಟ್ಟಳು. ಇನ್ಸ್‌ಪೆಕ್ಟರಮ್ಮನೂ ಪಕ್ಕದಲ್ಲಿ ಕೂತರು. ಮಂಡಿ ನೋವಿನವರಿಗೆ ಅದು ಸಣ್ಣ ಕೆಲಸವಲ್ಲ.

“ನಮ್ಮಮ್ಮ ಒಂದು ದಿನ ಜೋಗುಳ ಕೂಡ ಹಾಡಿದವಳಲ್ಲ ಅಕ್ಕಾ. ನನ್ನ ಮಕ್ಕಳಿಗೂ ಹಾಡಲಿಲ್ಲ. ಗಂಟಲೇ ಇಲ್ಲ ಕಣೇ ನನಗೆ ಅಂತಿದ್ಲು.”

ಇನ್ಸ್‌ಪೆಕ್ಟರಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟರು.

“ಅಪ್ಪನ ಹೆಸರು ತೊಳೀಬೇಕು ಅಂತ ನಿಮ್ಮ ಹತ್ರ ಬಂದೆ. ಈಗ ಅಮ್ಮನ್ನ ಕೊಟ್ಟು ಅಪ್ಪನ್ನ ಬಿಡಿಸಿಕೊಳ್ಳಲಾ? ಈ ಹೊತ್ತಿನಲ್ಲಿ ಅಪ್ಪನ ಹಾಸಿಗೆ ಪಕ್ಕ ಕೂತು ಔಷಧಿ ಕುಡಿಸ್ತಾ ಇರೋದೇ ಅವಳು.”

“ಈ ಕೇಸು ಇಲ್ಲಿಗೇ ಸಾಕು ಅಂದ್ರೆ ಸಾಕು ಕಣಮ್ಮ. ನಿನ್ನ ಮಾತೇ ಕೊನೆ.”

ಟೈಲರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳ ಕೈಚೀಲದಲ್ಲಿ ಫೋನು ಬಡಿದುಕೊಂಡಿತು. ತೆಗೆದು ನೋಡಿದಳು. ಅಮ್ಮ. ಕೆಂಡ ಮುಟ್ಟಿದವಳ ಹಾಗೆ ಫೋನನ್ನು ಇನ್ಸ್‌ಪೆಕ್ಟರಮ್ಮನ ಕೈಗೆ ಹಾಕಿದಳು.

“ಹಲೋ.”

“ನನ್ನ ಮಗಳಲ್ಲ ತಾನೇ? ಆ ಪೊಲೀಸಿನವರಾ?” ಒಡೆದು ಹೋದ, ಮುದಿ ಧ್ವನಿ. ಆದರೂ ಪ್ರತಿ ಮಾತಿನ ಕೊನೆಯನ್ನು ಕೈಬಿಡದೆ ಹಿಡಿದುಕೊಳ್ಳುವ ರೀತಿ ಅದೇ. ಇನ್ಸ್‌ಪೆಕ್ಟರಮ್ಮ ಎದ್ದು ನಾಲ್ಕು ಹೆಜ್ಜೆ ದೂರ ಹೋದರು.

“ನಾನೇ ತಾಯಿ. ಹೇಳಿ.”

“ನೀವು ಮೇಷ್ಟ್ರ ಹತ್ರ ಹೋಗ್ತೀರಿ ಅಂತ ಮಗಳು ಫೋನಿನಲ್ಲಿ ಅಂದಿದ್ಲು. ಹೇಳಿರ್ತಾರೆ ಎಲ್ಲ.”

“ಹೇಳಿದ್ರು.”

“ನಾನು ಮಾಡಿಲ್ಲ ಕಣಮ್ಮ. ನಾನು ಹೊರಟಾಗ ದೊಡ್ಡ ಮೇಷ್ಟ್ರು ಚೆನ್ನಾಗೇ ಇದ್ರು. ಫೋನು ಮಾಡಿಕೊಟ್ಟು, ಅವರ ಹತ್ರ ಕೂತು ಕಾಡಿ ಬೇಡಿದೆ, ಕೋಣೆ ಖಾಲಿ ಮಾಡಿಸಬೇಡಿ ಅಂತ. ಒಪ್ಪಿಕೊಂಡ್ರು. ಅಷ್ಟರಲ್ಲಿ ಯಾರೋ ಮುಂದಿನ ಬಾಗಿಲು ತಟ್ಟಿದ್ರು. ಅವನು ಬಂದ, ನಿನ್ನ ನೋಡಿದ್ರೆ ಕೂಗಾಡ್ತಾನೆ, ಹಿಂದಿನಿಂದ ಹೊರಡು ಅಂದ್ರು. ಚಪ್ಪಲಿ ಮುಂದಿನ ಬಾಗಿಲಲ್ಲಿತ್ತು. ಬಿಟ್ಟು ಓಡಿದೆ.”

“ಅವನು ಅಂದ್ರೆ ಯಾರು?”

“ನನ್ನ ಗಂಡ ಅಂದ್ಕೊಂಡೆ. ಇನ್ಯಾರು ಆವತ್ತು ಅವರ ಮೇಲೆ ಕೂಗಾಡೋರು? ಸಂಜೆ ಇವರನ್ನ ಹಿಡಿದಾಗ, ಇವರೇ ಮಾಡಿದ್ದು ಅಂತ ನನ್ನ ಮನಸ್ಸು ಒಪ್ಪಿಬಿಡ್ತು. ಹಾಗಾಗಿ ಟೇಪಿನ ವಿಷಯ ಯಾರಿಗೂ ಹೇಳಲಿಲ್ಲ. ಹೇಳಿದ್ರೆ ನಾನು ಅಲ್ಲಿಗೆ ಹೋಗಿದ್ದು ಗೊತ್ತಾಗುತ್ತೆ, ಬಾಗಿಲು ತಟ್ಟಿದ್ದು ಯಾರು ಅಂತ ನನ್ನ ಬಾಯಿಂದಲೇ ಬಿಡಿಸ್ತಾರೆ. ಕಟ್ಟಿಕೊಂಡವರ ಮೇಲೆ ನಾನೇ ಸಾಕ್ಷಿ ಹೇಳಬೇಕಾ ಅಂತ ನಾಲಿಗೆ ಕಚ್ಚಿಕೊಂಡೆ. ಕ್ಷಮಿಸಿಬಿಟ್ಟೆ ಅಂತ ನನಗೆ ನಾನೇ ಹೇಳಿಕೊಂಡು ಇಷ್ಟು ಕಾಲ ಬಾಳಿದೆ.”

ಇನ್ಸ್‌ಪೆಕ್ಟರಮ್ಮ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡರು.

“ನಿನ್ನೆ ಜ್ವರ ಏರಿತ್ತು ಅವರಿಗೆ. ಕನವರಿಸ್ತಾ ನನ್ನ ಕೈ ಹಿಡಕೊಂಡು ಹೇಳಿದ್ರು. ನಾನು ಹೋದಾಗ ದೊಡ್ಡ ಮೇಷ್ಟ್ರು ಆಗಲೇ ಬಿದ್ದಿದ್ರು ಕಣೇ. ನಿನ್ನ ಚಪ್ಪಲಿ ಹೊಳೆಗೆ ಎಸೆದುಬಿಟ್ಟೆ. ಯಾರಿಗೂ ಗೊತ್ತಾಗಲ್ಲ, ಹೆದರಬೇಡ ಅಂತ. ಇಷ್ಟು ಕಾಲ ನಾನೇ ಮಾಡಿದ್ದು ಅಂದ್ಕೊಂಡು, ನನಗೋಸ್ಕರ ಒಳಗೆ ಇದ್ರಂತಲ್ಲಮ್ಮ ಅವರು.”

ಇನ್ಸ್‌ಪೆಕ್ಟರಮ್ಮನ ಕಣ್ಣು ತುಂಬಿತು. ತುಂಬಿದ ಕಣ್ಣಿನಲ್ಲೇ ಪೊಲೀಸು ಬುದ್ಧಿ ಓಡುತ್ತಿತ್ತು. ಇಬ್ಬರೂ ಅಲ್ಲ. ಮೇಷ್ಟ್ರೂ ಅಲ್ಲ. ಹಾಗಾದರೆ ಕೂಗಾಡುವವನೊಬ್ಬ ಆ ಬಾಗಿಲು ತಟ್ಟಿದ್ದಾನೆ. ಆ ಹೊತ್ತಿನಲ್ಲಿ ಹಾಡುತ್ತಿದ್ದೆ ಅಂತ ಊರನ್ನೇ ನಂಬಿಸಿದವರಲ್ಲಿ ಒಬ್ಬ.

“ಕೇಳ್ತಾ ಇದೀರಾ?” ಮುದಿ ಧ್ವನಿ ಮತ್ತೆ ಬಂತು. “ಈಗ ಎಚ್ಚರವಾಗಿದ್ದಾರೆ. ಮಗಳು ಎಲ್ಲಿ ಅಂತ ಕೇಳ್ತಿದ್ದಾರೆ. ಡಾಕ್ಟರು ಇವತ್ತೋ ನಾಳೆಯೋ ಅಂದಿದ್ದಾರೆ. ನಾನೂ ಅಲ್ಲ ಅಂತ ಹೇಳಿದ್ರೆ ಅವರ ಮನಸ್ಸು ಹಗುರಾಗುತ್ತೆ. ಆದ್ರೆ ‘ಹಾಗಾದ್ರೆ ನಾನು ಯಾರಿಗೋಸ್ಕರ ಜೈಲಿನಲ್ಲಿದ್ದೆ’ ಅಂತ ಅವರು ಕೇಳಿದ್ರೆ ಏನು ಹೇಳಲಿ? ನೀವು ಓದಿದವರು, ನೀವೇ ಹೇಳಿ. ಹೇಳಲಾ, ಬೇಡವಾ?”

ಇನ್ಸ್‌ಪೆಕ್ಟರಮ್ಮ ಫೋನಿನ ಮೇಲೆ ಅಂಗೈ ಮುಚ್ಚಿದರು.

ಮೆಟ್ಟಿಲ ಮೇಲಿಂದ ಟೈಲರಮ್ಮ ಎದ್ದು ಅವರ ಕಡೆಗೇ ಬರುತ್ತಿದ್ದಳು. “ಅಮ್ಮ ಏನಂತಾಳೆ ಅಕ್ಕಾ? ಅಪ್ಪ ಇದ್ದಾರೆ ತಾನೇ?”